ಫಕೀರವ್ವ ಮುರಿದ ಕೋಲು

ಬಹಳ ಹಿಂದೆ, ನಮ್ಮಜ್ಜಿ ಇನ್ನೂ ಲಂಗ ಉಟ್ಟು ಓಡಾಡುತ್ತಿದ್ದ ಕಾಲದಲ್ಲಿ, ಈ ಎರೆಭೂಮಿಯ ಒಂದು ಊರಲ್ಲಿ ಫಕೀರವ್ವ ಅಂತ ಒಬ್ಬ ಸೂಲಗಿತ್ತಿ ಇದ್ದಳಂತೆ. ಹತ್ತಿರ ಬಂದು ಕೂತುಕೊಳ್ಳಿ, ಅವಳ ಸುದ್ದಿ ಹೇಳುತ್ತೇನೆ. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕು, ಅಷ್ಟು ಎತ್ತರ ಇದ್ದಳು ಅಂತಾರೆ. ನಮ್ಮಜ್ಜಿ ಅವಳನ್ನು ಕಣ್ಣಾರೆ ಕಂಡವಳು. ಅದೆಲ್ಲ ಸುಳ್ಳು, ಅವಳಿಗೆ ಸಿಟ್ಟು ಬಂದಾಗ ಎದುರಿಗಿದ್ದವರಿಗೆ ಹಾಗೆ ಕಾಣುತ್ತಿತ್ತು ಅಂತಿದ್ದಳು.

ಆ ಊರಲ್ಲಿ ಚೊಚ್ಚಲ ಹೆರಿಗೆಯಲ್ಲಿ ಹೆಣ್ಣುಮಕ್ಕಳು ಸಾಯುತ್ತಿದ್ದರು. ಒಂದು ವರ್ಷ ಸಾಲಾಗಿ ಸತ್ತಾಗ ಹಿರಿಯರು ಫಕೀರವ್ವನನ್ನು ಚಾವಡಿಗೆ ಕರೆಸಿ ಕಾರಣ ಕೇಳಿದರಂತೆ. ಅವಳು ತನಗೆ ಕಂಡದ್ದು ಹೇಳಿದಳಂತೆ. ಮೈ ಬೆಳೆಯುವ ವಯಸ್ಸಿನಲ್ಲಿ ಹುಡುಗಿಯರಿಗೆ ನೀವು ಹೊಟ್ಟೆತುಂಬ ಹಾಕುವುದಿಲ್ಲ. ಅವರು ಕುಳ್ಳಾಗಿ ಉಳಿಯುತ್ತಾರೆ, ಸೊಂಟದ ಎಲುಬೂ ಸಣ್ಣದಾಗಿ ಉಳಿಯುತ್ತದೆ. ಅಂಥವರಲ್ಲಿ ಕೆಲವರಿಗೆ ಕೂಸು ಬರಲು ದಾರಿ ಸಾಲುವುದಿಲ್ಲ. ಎಷ್ಟೋ ಕುಳ್ಳಿಯರು ಸಲೀಸಾಗಿ ಹೆರುತ್ತಾರೆ, ಆದರೂ ಅವರ ಮೇಲೆ ಕಣ್ಣಿಡಬೇಕು, ನೋವು ಶುರುವಾಗುವ ಮೊದಲೇ ಹೊಳೆಯಾಚೆ ಪೇಟೆಯ ಆಸ್ಪತ್ರೆಗೆ ಒಯ್ಯಬೇಕು. ಹುಡುಗಿಯರಿಗೆ ಮೊದಲು ಉಣ್ಣಲು ಹಾಕಿ. ಇಷ್ಟು ಹೇಳಿ ಮನೆಗೆ ಹೋದಳಂತೆ.

ಹಿರಿಯರ ಕಿವಿಗೆ ಬಿದ್ದದ್ದು ಒಂದೇ ಮಾತು, ಕುಳ್ಳಿಯರು ಸಾಯುತ್ತಾರೆ ಅನ್ನೋದು. ಒಂದು ಬಿದಿರಿನ ಕೋಲು ಕಡಿಸಿ ಚಾವಡಿಯಲ್ಲಿ ಇಟ್ಟರಂತೆ. ಹೆಣ್ಣು ನೋಡಲು ಹೋಗುವವರು ಅದನ್ನು ಒಯ್ಯುವುದು. ಹುಡುಗಿಯನ್ನು ಗೋಡೆಗೆ ನಿಲ್ಲಿಸಿ ಪಕ್ಕಕ್ಕೆ ಕೋಲು ಹಿಡಿಯುವುದು. ತಲೆ ಕೋಲಿನ ತುದಿಗೆ ಬರದಿದ್ದರೆ ಕೊಟ್ಟ ಅವಲಕ್ಕಿ ತಿಂದು ಎದ್ದು ಬರುವುದು. ಊರಿನ ಹುಡುಗಿಯರಿಗೂ ಅದೇ ಕೋಲು. ಅವರ ತಾಟಿಗೆ ಮಾತ್ರ ಮೊದಲಿನ ಹಾಗೆ ಎಲ್ಲರೂ ಉಂಡಾದ ಮೇಲೆ ಉಳಿದ ಅರ್ಧ ರೊಟ್ಟಿ, ತಳ ಹಿಡಿದ ಪಲ್ಯ.

ಕೋಲಿಗೆ ಸಾಲದ ಹುಡುಗಿಯರನ್ನು ಹೆಂಡತಿ ಸತ್ತವರಿಗೆ ಕೊಡುತ್ತಿದ್ದರಂತೆ. ಹಾಗೆ ಬಂದವಳು ಅದೇ ಊರಿನ ತುಂಗವ್ವ. ಎಣ್ಣೆ ಗಾಣದ ಕಲ್ಲಪ್ಪನಿಗೆ ಎರಡನೆಯವಳಾಗಿ ಬಂದಳು. ಬಸುರಿಯಾದಳು. ಫಕೀರವ್ವ ಹೊಟ್ಟೆ ಮುಟ್ಟಿ ನೋಡಿ, ಇವಳನ್ನು ಈಗಲೇ ಪೇಟೆಗೆ ಕರೆದೊಯ್ದು ಅಲ್ಲೇ ಇರಿಸಿ ಅಂದಳಂತೆ.

ಕಲ್ಲಪ್ಪನ ತಾಯಿ ಸಂಗವ್ವ ಒಪ್ಪಲಿಲ್ಲ.

“ನಾ ಇದೇ ಮನ್ಯಾಗ ಹಡದೀನಿ. ನಮ್ಮತ್ತಿನೂ ಇಲ್ಲೇ ಹಡದಾಳ. ಇಕಿಗೇನು ಬ್ಯಾರೆ?”

ಕಲ್ಲಪ್ಪ, ಎತ್ತು ಗಾಡಿಗೆ ಹೂಡಿದರೆ ಗಾಣ ನಿಲ್ಲುತ್ತದೆ ಅಂದನಂತೆ. ಫಕೀರವ್ವ ಮತ್ತೆ ಮತ್ತೆ ಹೋದಳು. ಕಡೆಗೆ ಸಂಗವ್ವ ಅವಳನ್ನು ಕಂಡರೆ ಬಾಗಿಲು ಮುಂದೆ ಮಾಡತೊಡಗಿದಳಂತೆ.

ಬೆಳಗಿನ ಜಾವ ತುಂಗವ್ವನಿಗೆ ನೋವು ಬಂತು. ಆಗ ಬಾಗಿಲು ತೆಗೆದು ಫಕೀರವ್ವನನ್ನು ಕರೆಸಿದರು. ಅವಳು ಬಂದವಳೇ ಗಾಡಿ ಹೂಡಿ ಅಂದಳು. ಇನ್ನೊಂದು ಸ್ವಲ್ಪ ನೋಡೋಣ ಅಂದರು. ಮಧ್ಯಾಹ್ನವೂ ಹಾಗೇ ಅಂದರು. ಹೊತ್ತು ಇಳಿದ ಮೇಲೆ, ತುಂಗವ್ವನಿಗೆ ಕೂಗುವ ಶಕ್ತಿಯೂ ಉಳಿಯದಿದ್ದಾಗ, ಗಾಣದ ಎತ್ತು ಬಿಚ್ಚಿ ಗಾಡಿಗೆ ಹೂಡಿದರು. ಹೊಳೆಯ ಉಸುಕಿನಲ್ಲಿ ಗಾಲಿ ಹೂತಿತು. ಅಲ್ಲೇ, ಫಕೀರವ್ವನ ತೊಡೆಯ ಮೇಲೆ ತಲೆ ಇಟ್ಟುಕೊಂಡು, ಕೂಸು ಹೊಟ್ಟೆಯಲ್ಲಿರುವಾಗಲೇ ತುಂಗವ್ವ ತೀರಿಕೊಂಡಳಂತೆ.

ಗಾಡಿ ತಿರುಗಿ ಬಂದಾಗ ಸಂಗವ್ವ ನೆರೆದವರ ಎದುರಿಗೆ, ಕೋಲಿನ ಮಾತು ಸುಳ್ಳಾಗಲಿಲ್ಲ ನೋಡಿರಿ ಅಂದಳಂತೆ. ಫಕೀರವ್ವ ಅದನ್ನು ಕೇಳಿಸಿಕೊಂಡಳು.

ಕಲ್ಲಪ್ಪನ ಮನೆಯಲ್ಲಿ ತುಂಗವ್ವನ ತಿಥಿಯ ಊಟ ಇಟ್ಟರು. ಊರ ಹಿರಿಯರು ಪಂಕ್ತಿಗೆ ಕೂತಿದ್ದರು, ಎಲೆಗೆ ಹೋಳಿಗೆ ಬಿದ್ದಿತ್ತು. ಫಕೀರವ್ವ ಚಾವಡಿಯಿಂದ ಆ ಕೋಲು ಹಿಡಿದು ಬಂದಳು. ಪಂಕ್ತಿಯ ನಡುವೆ ನಿಂತು ಮೊಣಕಾಲಿಗೆ ಕೊಟ್ಟು ಮುರಿದಳು. ಆ ಸದ್ದು ಪಕ್ಕದ ಊರಿಗೆ ಕೇಳಿಸಿತು ಅಂತಾರೆ.

“ನಾ ನಿಮ್ಮನ್ನ ಕೋಲು ಕೇಳಿದ್ನೇನು?” ಅಂದಳಂತೆ. “ತುತ್ತು ಕೇಳಿದ್ದೆ. ಗಾಡಿ ಕೇಳಿದ್ದೆ. ಉಣ್ಣಾಕ ಹಾಕದೇ ಆಕೀನ ಕುಳ್ಳಿ ಮಾಡಿದವರು ನೀವು. ಕುಳ್ಳಿ ಅಂತ ಜರಿದವರು ನೀವು. ಸತ್ತ ಮ್ಯಾಲೆ ಆಕಿ ಹೆಸರಿಲೆ ಹೋಳಿಗಿ ತಿನ್ನಾವರೂ ನೀವೇ.”

ಕಲ್ಲಪ್ಪನ ಮೊದಲ ಹೆಂಡತಿಯ ಮಗಳು, ಸಣ್ಣ ಹುಡುಗಿ, ಒಳಬಾಗಿಲಲ್ಲಿ ನಿಂತು ಎಲೆಗಳನ್ನೇ ನೋಡುತ್ತಿದ್ದಳು. ಫಕೀರವ್ವ ಅವಳ ಕೈ ಹಿಡಿದು ತಂದು ಹಿರಿಯರ ಸಾಲಿನಲ್ಲಿ ಕೂರಿಸಿ, ಸಂಗವ್ವನಿಗೆ ಬಡಿಸಲು ಹೇಳಿದಳು. ಸಂಗವ್ವ ಬಡಿಸಿದಳಂತೆ. ಆ ಕೂಸು ಉಂಡು ಕೈ ತೊಳೆಯುವವರೆಗೂ ಒಬ್ಬರೂ ತುತ್ತು ಎತ್ತಲಿಲ್ಲ ಅಂತಾರೆ.

ಆಮೇಲೆ ಫಕೀರವ್ವ ಊಟದ ಹೊತ್ತಿಗೆ ಯಾರ ಮನೆಗಾದರೂ ನುಗ್ಗುತ್ತಿದ್ದಳಂತೆ. ಹುಡುಗಿಯರು ಉಂಡಿಲ್ಲ ಅಂತ ತಿಳಿದರೆ ಗಂಡಸರ ಮುಂದಿನ ತಾಟು ಎತ್ತಿ ಅವರ ಮುಂದೆ ಇಡುತ್ತಿದ್ದಳಂತೆ. ಹುಡುಗಿಯರನ್ನು ಉಪವಾಸ ಕೆಡವುವ ಮನೆಗೆ ಹೆರಿಗೆಗೆ ಬರುವುದಿಲ್ಲ ಅಂತ ಚಾವಡಿಯಲ್ಲಿ ಸಾರಿದಳು. ಹಾಗೇ ನಡೆದುಕೊಂಡಳು ಅಂತಾರೆ. ಇಲ್ಲ, ಅಂಥ ಮನೆಗೂ ಹಿತ್ತಲ ಬಾಗಿಲಿಂದ ಹೋಗಿ, ಹೆರಿಗೆ ಮಾಡಿಸಿ, ಬಾಣಂತಿಯ ಹಣೆ ಒರೆಸಿ, ಮಾವನನ್ನು ಬಾಯಿಗೆ ಬಂದ ಹಾಗೆ ಬೈದು ಬರುತ್ತಿದ್ದಳು ಅಂತಿದ್ದಳು ನಮ್ಮಜ್ಜಿ. ಕುಳ್ಳಿ ಬಸುರಿಯರಿಗೆ ದಿನ ಹತ್ತಿರ ಬಂದರೆ ತಾನೇ ಗಾಡಿ ಹೂಡಿಸಿ ಪೇಟೆಗೆ ಕರೆದೊಯ್ಯುತ್ತಿದ್ದಳು. ಬಹಳ ಮಂದಿ ಕೂಸು ಎತ್ತಿಕೊಂಡು ತಿರುಗಿ ಬಂದರು. ಎಲ್ಲರೂ ಬರಲಿಲ್ಲ. ಯಾರಾದರೂ ತೀರಿಹೋದ ದಿನ ಫಕೀರವ್ವನ ಮನೆಯ ಒಲೆ ಉರಿಯುತ್ತಿರಲಿಲ್ಲ. ಮುಪ್ಪಿನಲ್ಲೂ ಅವಳ ಸಿಟ್ಟು ಇಳಿಯಲಿಲ್ಲ ಅಂತಾರೆ. ಸಾಯುವ ಮೊದಲು ಬಾಯಿಗೆ ನೀರು ಬಿಡಲು ಬಂದ ಸೊಸೆಯಂದಿರನ್ನೂ, ನೀವು ಉಂಡಿರೇನು ಅಂತ ಗದರಿಸಿದಳಂತೆ.

ಆ ಊರಲ್ಲಿ ಇವತ್ತಿಗೂ ಮದುವೆಯ ಮೊದಲ ಪಂಕ್ತಿ ಹುಡುಗಿಯರದು. ಮನೆಯ ಹಿರಿಯ ಗಂಡಸೇ ಬಡಿಸಬೇಕು. ಹೆಣ್ಣು ನೋಡಲು ಬಂದವರು ಹುಡುಗಿಯ ಎತ್ತರ ಎಷ್ಟು ಅಂತ ಕೇಳಿದರೆ ಯಾರೂ ಜಗಳ ಮಾಡುವುದಿಲ್ಲ, ಉತ್ತರವನ್ನೂ ಕೊಡುವುದಿಲ್ಲ. ಹುಡುಗಿಯ ಅಜ್ಜಿ ಎದ್ದು ಹೊರಗೆ ಹೋಗಿ, ಅವರ ಚಪ್ಪಲಿ ತಂದು ಅವರೆದುರಿಗೇ ಇಡುತ್ತಾಳೆ.