ನಿಂಬೆಹಣ್ಣು ಕಂಡ ಲಿಫ್ಟ್ ಟೇಬಲ್ಲು

ಮೆಕ್ಯಾನಿಕ್ ಫಕೀರಪ್ಪ ಭಾರ ಎತ್ತಿ ಇಳಿಸುವ ಗಾಲಿಗಳ ಹೊಸ ಲಿಫ್ಟ್ ಟೇಬಲ್ಲನ್ನು ಉರುಳಿಸಿಕೊಂಡು ಬಂದು, ಮೇಲೆತ್ತಿದ ವ್ಯಾನಿನ ಎಂಜಿನ್ನಿನ ಅಡಿಗೆ ನಿಲ್ಲಿಸಿದ. ಟೇಬಲ್ಲಿಗೆ ಇದೇ ಮೊದಲ ಕೆಲಸವೆಂದು ಹಾರ ಹಾಕಿ, ಗಾಲಿಯ ಮುಂದೆ ನಿಂಬೆಹಣ್ಣಿಟ್ಟು, ಖುಷಿಯಲ್ಲಿ ಸ್ಪ್ಯಾನರ್ ಹಿಡಿದು ಎಂಜಿನ್ನಿನ ಬೋಲ್ಟು ಬಿಚ್ಚತೊಡಗಿದ.

"ಬೇಗ ಇಳಿಸಿಕೋ! ನೆಲ ಕಂಡು ಎಷ್ಟೋ ವರ್ಷವಾಯಿತು!" ಎಂದಿತು ಎಂಜಿನ್ನು.

"ಬಾ, ಬಾ! ಒಂದೇ ಓಟಕ್ಕೆ ಬಾಗಿಲು ಮುಟ್ಟಿಸುತ್ತೇನೆ!" ಎಂದಿತು ಟೇಬಲ್ಲು.

ಗಾಲಿಯ ಬ್ರೇಕು ಕೂಗಿತು: "ನನ್ನನ್ನು ಇನ್ನೂ ಯಾರೂ ಒತ್ತಿಲ್ಲ!"

"ಶುಭಕಾರ್ಯಕ್ಕೆ ಅಡ್ಡ ಬರಬೇಡ. ನಿಂಬೆಹಣ್ಣು ಇಟ್ಟಾಗಿದೆ, ಸಾಕು!" ಎಂದಿತು ಟೇಬಲ್ಲು.

ಒಂದು ಬೋಲ್ಟು ಮಾತ್ರ ಉಳಿದಾಗ ಎಂಜಿನ್ನು ವಾಲಿ ಟೇಬಲ್ಲನ್ನು ಒತ್ತಿತು. ನಿಂಬೆಹಣ್ಣು ಪಚಕ್ಕೆಂದಿತು. ಟೇಬಲ್ಲು ಸರ್ರನೆ ಜಾರಿತು. ಎಂಜಿನ್ನು ಆ ಒಂದೇ ಬೋಲ್ಟಿಗೆ ಜೋತುಬಿತ್ತು.

"ಅಯ್ಯಯ್ಯೋ, ಬ್ರೇಕ್ ಹಾಕೋದ ಮರತೆ!" ಎನ್ನುತ್ತ ಫಕೀರಪ್ಪ ಎಂಜಿನ್ನಿನ ಅಡಿಗೆ ಹೋಗದೆ, ಹಿಡಿಕೆ ಹಿಡಿದು ಟೇಬಲ್ಲನ್ನು ಮತ್ತೆ ಅಡಿಗೆ ತಳ್ಳಿದ. ಬ್ರೇಕು ತುಳಿದು, ಎಂಜಿನ್ನಿಗೆ ತಾಗುವವರೆಗೆ ಅದನ್ನು ಎತ್ತಿದ. ಆಮೇಲೆಯೇ ಕೊನೆಯ ಬೋಲ್ಟು ಬಿಚ್ಚಿದ.

ಎಂಜಿನ್ನು ಮೆತ್ತಗೆ ಕೂತಿತು. "ನೀನು ನಿಂತೆ, ನಾನು ಉಳಿದೆ! ಈಗ ಓಡು!"

ಟೇಬಲ್ಲು ಓಡಲಿಲ್ಲ. ಭಾರ ಹೊತ್ತ ಬೆನ್ನನ್ನು ನೆಲದ ಹತ್ತಿರಕ್ಕೆ ತಗ್ಗಿಸಿ, ಬ್ರೇಕಿನ ಕಡೆ ತಿರುಗಿ ಕೇಳಿತು: "ಅಣ್ಣಾ, ಹೊರಡಲೇ?"