ಹೇಳಿ ಹೊಡೆಯುವ ಆಟ

ಹೊಳೆಯಿಂದ ತುಸು ದೂರದ ಆಶ್ರಮವೊಂದರಲ್ಲಿ ಹೊನ್ನಪ್ಪನೆಂಬ ಶಿಷ್ಯನಿದ್ದ. ಪಾಠದಲ್ಲಿ ಚುರುಕು, ಆಟದಲ್ಲಿ ಇನ್ನೂ ಚುರುಕು.

ಸಂಜೆಯಾದರೆ ಶಿಷ್ಯರು ಬಂಡೆಯ ಮೇಲೆ ಮನೆ ಗೀಚಿಕೊಂಡು ದಂಡಿನಾಟ ಆಡುತ್ತಿದ್ದರು. ದೊರೆ, ಆನೆ, ಕುದುರೆ, ಕಾಲಾಳು, ಎಲ್ಲವೂ ಮರದ ಕಾಯಿಗಳು. ಅದಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾವ ಕಾಯಿ ಯಾವುದರ ಮೇಲೆ ಬೀಳುತ್ತದೆಂದು ಹೊಡೆಯುವ ಮೊದಲು ಬಾಯಿಬಿಟ್ಟು ಹೇಳಬೇಕು. ಎದುರಾಳಿ 'ಕೇಳಿತು' ಅನ್ನಬೇಕು. ಆಮೇಲೆಯೇ ಕಾಯಿಗೆ ಕೈ. ಹೇಳದೆ ಮುಟ್ಟಿದರೆ ಮುಟ್ಟಿದ ಕಾಯಿಯೇ ಸತ್ತಂತೆ.

ಹೊನ್ನಪ್ಪನ ಜೊತೆಗಾರ ಕೆಂಚಣ್ಣ. ಇಬ್ಬರಿಗೂ ಒಂದೇ ಗುಡಿಸಲು, ಒಂದೇ ಚಾಪೆ. ಕೆಂಚಣ್ಣನಿಗೆ ಮಾತು ಉಗ್ಗುತ್ತಿತ್ತು. ಅದರಲ್ಲೂ 'ಕ' ಅಕ್ಷರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ತನ್ನ ಹೆಸರು ಹೇಳುವುದಕ್ಕೇ ಅವನಿಗೆ ಹೊತ್ತು ಹಿಡಿಯುತ್ತಿತ್ತು.

ಒಂದು ಸಂಜೆ ಇಬ್ಬರೂ ಎದುರುಬದುರಾಗಿ ಆಡುತ್ತಿದ್ದಾಗ ಹೊನ್ನಪ್ಪನ ದೊರೆ ಮೂಲೆಗೆ ಸಿಕ್ಕಿಬಿದ್ದ. ಕೆಂಚಣ್ಣನ ಕುದುರೆ ಒಮ್ಮೆ ನೆಗೆದರೆ ಆಟ ಮುಗಿಯುತ್ತಿತ್ತು.

ಕೆಂಚಣ್ಣ ಬಾಯಿ ತೆರೆದ. 'ಕುದುರೆ' ಎನ್ನುವ ಮಾತು ಹೊರಡಲಿಲ್ಲ. ಕತ್ತಿನ ನರ ಉಬ್ಬಿತು. ಮಾತಿಗಿಂತ ಮೊದಲು ಕೈ ಹೋಗಿ ಕುದುರೆಯನ್ನು ಮುಟ್ಟಿತು.

"ಮುಟ್ಟಿದೆ!" ಎಂದ ಹೊನ್ನಪ್ಪ. "ಹೇಳದೆ ಮುಟ್ಟಿದೆ. ಕುದುರೆ ಸತ್ತಿತು, ತೆಗಿ."

"ಹೇ... ಹೇಳ್ತಾ ಇದ್ದೆ."

"ಹೇಳ್ತಾ ಇರೋದು ಬೇರೆ, ಹೇಳಿದ್ದು ಬೇರೆ."

ಸುತ್ತ ಕೂತವರಲ್ಲಿ ಯಾರೋ ನಕ್ಕರು. ಒಬ್ಬ ಹೊನ್ನಪ್ಪನ ಪರ ನಿಂತ, ಇನ್ನೊಬ್ಬ ಕೆಂಚಣ್ಣನ ಪರ. ಗದ್ದಲ ಜೋರಾಗಿ, ಕೊನೆಗೆ ಎಲ್ಲರೂ ಗುರು ನಿರ್ವಾಣಯ್ಯನವರ ಮುಂದೆ ಹೋಗಿ ನಿಂತರು.

ಗುರುಗಳು ಕೇಳಿದರು, "ನಿಯಮ ಏನು?"

"ಹೇಳಿ ಮುಟ್ಟಬೇಕು," ಎಂದ ಹೊನ್ನಪ್ಪ.

"ಹಾಗಾದರೆ ಕುದುರೆ ಸತ್ತಿತು," ಎಂದರು ಗುರುಗಳು.

ಹೊನ್ನಪ್ಪ ಗೆದ್ದ. ಆ ರಾತ್ರಿ ಅವನಿಗೆ ಒಳ್ಳೆಯ ನಿದ್ದೆ ಬಂತು.

ಮರುದಿನ ಪಾಠದಲ್ಲಿ ಕೆಂಚಣ್ಣ ಬಾಯಿ ಬಿಡಲಿಲ್ಲ. ಊಟಕ್ಕೆ ಕೂತಾಗಲೂ ಸಾರು ಬೇಕೇ ಅಂದರೆ ಕೈ ಅಡ್ಡ ಆಡಿಸಿದ. ಸಂಜೆ ಬಂಡೆಯ ಕಡೆ ಬರಲೇ ಇಲ್ಲ. ಸೋತ ಬೇಸರ, ತಾನಾಗಿ ಹೋಗುತ್ತದೆ ಅಂದುಕೊಂಡ ಹೊನ್ನಪ್ಪ.

ಅದರ ಮಾರನೆಯ ಬೆಳಿಗ್ಗೆ ಗುರುಗಳು ಹೊನ್ನಪ್ಪನನ್ನು ಕರೆದರು.

"ಒಂದು ಆಟ ಆಡೋಣ ಬಾ."

ಗುರುಗಳು ಎಂದೂ ಕಾಯಿ ಮುಟ್ಟಿದವರಲ್ಲ. ಹೊನ್ನಪ್ಪ ಹಿಗ್ಗಿಹೋದ. ಆಟ ಶುರುವಾಯಿತು. ಸ್ವಲ್ಪ ಹೊತ್ತಿಗೆಲ್ಲ ಅವನಿಗೆ ದಾರಿ ಸಿಕ್ಕಿತು.

"ನನ್ನ ಆನೆ ನಿಮ್ಮ ಕುದುರೆಯ ಮೇಲೆ," ಎಂದ.

ಗುರುಗಳು ಮಾತಾಡಲಿಲ್ಲ.

ಕೇಳಿಸಲಿಲ್ಲವೇನೋ ಎಂದು ಹೊನ್ನಪ್ಪ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. ಗುರುಗಳು ಅವನ ಮುಖವನ್ನೇ ನೋಡುತ್ತಾ ಕೂತರು. ಬಂಡೆಯ ಮೇಲಿದ್ದ ನೆರಳು ಸರಿಯಿತು. ಬಿಸಿಲು ಹೊನ್ನಪ್ಪನ ಬೆನ್ನಿಗೆ ಬಂತು.

"ಗುರುಗಳೇ, 'ಕೇಳಿತು' ಅನ್ನಬೇಕು."

"ಅನ್ನುತ್ತೇನೆ."

"ಯಾವಾಗ?"

"ಇಷ್ಟು ಹೊತ್ತಿನಲ್ಲಿ ಅನ್ನಬೇಕು ಎಂದು ನಿಯಮವಿದೆಯೇ?"

ಹೊನ್ನಪ್ಪ ಯೋಚಿಸಿದ. "ಇಲ್ಲ."

"ಹೇಳುವವನಿಗೆ ಇದೆಯೇ?"

ಹೊನ್ನಪ್ಪನಿಗೆ ಉತ್ತರ ಹೊಳೆಯಿತು. ಅವನು ತಲೆ ತಗ್ಗಿಸಿ ಕಾಯಿಗಳನ್ನು ನೋಡಿದ.

"ಕೆಂಚಣ್ಣ ಅಪ್ಪಣೆ ಪಡೆದು ಹೊರಟ," ಎಂದರು ಗುರುಗಳು.

"ಎಲ್ಲಿಗೆ?"

"ಊರಿಗೆ."

"ಯಾಕೆ ಅಂತ ಹೇಳಲಿಲ್ಲವೇ?"

"ಹೇಳಲು ಶುರು ಮಾಡಿದ. ನಾನೇ ಸಾಕು ಎಂದೆ. ಆ ಮಾತು ನನಗೆ ಸೇರಿದ್ದಲ್ಲ."

ಹೊನ್ನಪ್ಪ ಎದ್ದು ಓಡಿದ. ಪಂಚೆ ತಗುಲಿ ಆನೆ, ದೊರೆ ಎಲ್ಲ ಉರುಳಿಬಿದ್ದವು.

ಹೊಳೆಯ ದಡದಲ್ಲಿ ಕೆಂಚಣ್ಣ ಗಂಟು ಹಿಡಿದು ನಿಂತಿದ್ದ. ಹರಿಗೋಲಿನಲ್ಲಿ ಆಗಲೇ ಜನ ಕೂತಿದ್ದರು.

"ಕೆಂಚಣ್ಣಾ, ಹೋಗಬೇಡ ಕಣೋ," ಎಂದ ಹೊನ್ನಪ್ಪ ಏದುಸಿರು ಬಿಡುತ್ತಾ. "ನನ್ನಿಂದ ಏನಾಯಿತು, ಹೇಳು."

ಕೆಂಚಣ್ಣ ನೀರನ್ನು ನೋಡಿದ. ಆಮೇಲೆ ಅವನನ್ನು ನೋಡಿದ.

"ಯಾರು ನಕ್ಕರೂ ನನಗೆ ಬೇಜಾರಿಲ್ಲ. ನೀನೊಬ್ಬ..." ಎಂದು ನಿಂತ. ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು.

ಮುಂದಿನ ಮಾತು ಯಾವುದೆಂದು ಹೊನ್ನಪ್ಪನಿಗೆ ಗೊತ್ತಿತ್ತು. ಅದು ಅವನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವನು ಅದನ್ನು ಎತ್ತಿಕೊಡಲಿಲ್ಲ.

"ಬರ್ತೀಯೇನಪ್ಪಾ, ಇಲ್ಲ ಹೊರಡಲೋ?" ಎಂದು ಅಂಬಿಗ ಕೂಗಿದ.

ಇಬ್ಬರೂ ತಿರುಗಿ ನೋಡಲಿಲ್ಲ. ಅಂಬಿಗ ಗೊಣಗುತ್ತಾ ಕೋಲು ಊರಿದ. ಹರಿಗೋಲು ಒಂದು ಸುತ್ತು ತಿರುಗಿ ನಡುನೀರಿಗೆ ಹೋಯಿತು.

"...ಕಾಯ್ತೀಯ ಅಂದುಕೊಂಡಿದ್ದೆ," ಎಂದ ಕೆಂಚಣ್ಣ.

ಹೊನ್ನಪ್ಪನ ಕಣ್ಣು ತುಂಬಿತು. ಅವನು ಕೆಂಚಣ್ಣನ ಕೈಯಿಂದ ಗಂಟನ್ನು ತೆಗೆದುಕೊಂಡ. ಕೆಂಚಣ್ಣ ಕೊಡುವುದಕ್ಕೆ ಸ್ವಲ್ಪ ತಡಮಾಡಿದ, ಆದರೆ ಕೊಟ್ಟ. ಇಬ್ಬರೂ ಆಶ್ರಮದ ದಾರಿ ಹಿಡಿದರು.

ಸಂಜೆ ಹೊನ್ನಪ್ಪ ಗುರುಗಳ ಬಳಿ ಹೋಗಿ ಕೂತ.

"ಗುರುಗಳೇ, ಆ ನಿಯಮವನ್ನೇ ತೆಗೆದುಬಿಡೋಣವೇ?"

"ಯಾಕೆ? ಒಳ್ಳೆಯ ನಿಯಮ."

"ಹಾಗಾದರೆ ಆವತ್ತು ನನ್ನದೇ ಸರಿಯಾಗಿತ್ತೇ?"

"ಪೂರ್ತಿ ಸರಿಯಾಗಿತ್ತು," ಎಂದರು ಗುರುಗಳು. "ತಪ್ಪಾಗಿದ್ದರೆ ಯಾರಾದರೂ ತಿದ್ದುತ್ತಿದ್ದರು, ಬಂಡೆಯ ಮೇಲೇ ಮುಗಿದುಹೋಗುತ್ತಿತ್ತು. ಸರಿಯಾಗಿದ್ದುದಕ್ಕೇ, ಅದನ್ನು ತಿದ್ದಲು ನೀನೇ ಹೊಳೆಯವರೆಗೆ ಓಡಬೇಕಾಯಿತು."