ಗೂಟಕ್ಕೆ ಒಗ್ಗದ ಗಾಳ

ಕಡಲ ನಡುವಿನ ದ್ವೀಪವೊಂದರಲ್ಲಿ ಮೂಳೆಯ ಗಾಳವೊಂದಿತ್ತು. ಅದನ್ನು ನೀರಿಗಿಳಿಸಿದ ದಿನ ಬೆಸ್ತ ರುವಾ ಬರಿಗೈಯಲ್ಲಿ ಮರಳಿದ್ದೇ ಇಲ್ಲ. “ಇದರಲ್ಲಿ ಮನಾ ಇದೆ” ಎಂದರು ಜನ. ದೈವದ ಕಸುವಿಗೆ ಅವರ ಮಾತಿನಲ್ಲಿ ಅದೇ ಹೆಸರು. ಸುದ್ದಿ ಕೇಳಿದ ದ್ವೀಪದ ಒಡೆಯ ಗಾಳವನ್ನು ತರಿಸಿ, ಯಾರೂ ಮುಟ್ಟಕೂಡದೆಂದು ಕಟ್ಟಳೆ ಮಾಡಿ, ಗುಡಿಯ ಗೂಟಕ್ಕೆ ತನ್ನ ಗರಿಯ ನಿಲುವಂಗಿಯ ಪಕ್ಕದಲ್ಲೇ ತೂಗುಹಾಕಿಸಿದ.

“ಪುಣ್ಯ ಮಾಡಿದ್ದೆ ನೀನು,” ಎಂದಿತು ನಿಲುವಂಗಿ. “ಇನ್ನು ದುಡಿಮೆಯಿಲ್ಲ. ಸುಮ್ಮನೆ ತೂಗಾಡು, ಮನಾ ಎಲ್ಲಿಗೂ ಹೋಗುವುದಿಲ್ಲ.”

ಗಾಳಕ್ಕೆ ಮೈ ಉರಿದುಹೋಯಿತು. “ಹಿರಿಯರು ಮೊದಲು ಆ ಹೆಸರಿಟ್ಟದ್ದು ಗುಡುಗಿಗೆ, ಬಿರುಗಾಳಿಗೆ. ಗುಡುಗನ್ನು ಗೂಟಕ್ಕೆ ತೂಗುಹಾಕಿದವರುಂಟೇ?”

ಹಬ್ಬದ ದಿನ ಒಡೆಯ ನಿಲುವಂಗಿ ತೊಟ್ಟಾಗ ಗಾಳ ಅದರ ಅಂಚಿಗೆ ಕಚ್ಚಿಕೊಂಡಿತು. ಅವನು ದೋಣಿ ಹತ್ತುವಾಗ ಗಾಳ ಗರಿಯೊಂದನ್ನು ಕಿತ್ತುಕೊಂಡು, ದಡದಲ್ಲಿ ನಿಂತಿದ್ದ ರುವಾನ ಕಾಲಬುಡದ ನೀರಿಗೆ ಬಿತ್ತು.

“ಇನ್ನು ನಿನಗೆ ಕೈಮುಗಿಯುವವರು ಯಾರು?” ಎಂದು ನಿಲುವಂಗಿ ಚೀರಿತು. ರುವಾ ಕಟ್ಟಳೆಗೆ ಸೊಪ್ಪು ಹಾಕದೆ ಗಾಳವನ್ನೆತ್ತಿ ಹುರಿಗೆ ಕಟ್ಟಿದ.

ಸಂಜೆ ಒಡೆಯನ ಆಳುಗಳು ಅದನ್ನು ಪೂಜೆಗೆ ಕರೆದೊಯ್ಯಲು ಬಂದಾಗ, ಗಾಳ ಒದ್ದಾಡುವ ದೊಡ್ಡ ಮೀನೊಂದರ ದವಡೆಯಲ್ಲಿತ್ತು.

“ಪುರುಸೊತ್ತಿಲ್ಲವೆಂದು ಹೇಳಿ,” ಎಂದಿತು.